ಕಡೂರು ಸೀಮೆಯ ಮದ್ಯಪದ ಮೀಮಾಂಸೆ

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನಿಗೆಂದೇ ಒಂದು ಪ್ರಕರಣವಿದೆ. ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಅಲ್ಲಿ ಆರು ಬಗೆ. ಆಚಾರ್ಯರು ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಬಂದವರಲ್ಲ. ಹಾಗಾಗಿ ಪಾತ್ರೆಯೊಳಗಿನದನ್ನು ನೋಡಿ ವಿಂಗಡಿಸಿದರು. ಇಲ್ಲಿ ವಿಂಗಡಣೆ ನಡೆಯುವುದು ಯಾರು ಯಾರೆದುರು ಬಾಯಿಬಿಟ್ಟರು ಎಂಬುದರ ಮೇಲೆ.

ಮೊದಲು ಲಕ್ಷಣ. ಈ ಮೂರು ತಾಲ್ಲೂಕುಗಳ ಮಟ್ಟಿಗೆ ಆಲ್ಕೋಹಾಲ್ ಎಂದರೆ ಕುಡಿಯದೇ ಇರುವಂಥದ್ದು. ಅರಬ್ಬಿಯಲ್ಲಿ ಈ ಪದ ಕಣ್ಣಿಗೆ ಹಚ್ಚುವ ಕಪ್ಪುಪುಡಿಯದು ಎಂಬುದೂ ಇದಕ್ಕೆ ಪೋಷಕ. 2020ರ ಲಾಕ್‌ಡೌನಿನಲ್ಲಿ ವೈನ್ ಶಾಪುಗಳಿಗೆ ಬೀಗ ಬಿದ್ದಿದ್ದಾಗ, ಮೆಡಿಕಲ್ ಸ್ಟೋರಿನ ಮುಂದೆ ನಿಂತು ‘ಆಲ್ಕೋಹಾಲ್ ಇರೋದೇ ಕೊಡಿ’ ಎಂದು ಗಂಟಲೆತ್ತಿ ಕೇಳಿದವರಲ್ಲಿ ಹುಟ್ಟಿದಾಗಿನಿಂದ ಮುಟ್ಟದವರೂ ಇದ್ದರು, ಅದು ಕೈಗೆ. ಪೆಟ್ರೋಲ್ ಬಂಕಿನದು ಇನ್ನೊಂದು ಬಗೆ. ಅಲ್ಲಿ ಬೈಕಿಗೆ ಶೇ 20 ಎಥನಾಲ್ ಕುಡಿಸಬಹುದು. ಸವಾರನಿಗೆ ಮಾತ್ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ದಾಟಬಾರದು. ಟ್ಯಾಂಕಿಗೊಂದು ಧರ್ಮ, ಹೊಟ್ಟೆಗೊಂದು ಧರ್ಮ.

ಕುಡಿಯುವ ಜಾತಿಗೆ ಬಂದರೆ, ಕೆಲವು ಪದಗಳು ಕೀರ್ತಿಶೇಷವಾಗಿವೆ. 2007ರ ಜುಲೈ 1ರಂದು ಸರ್ಕಾರ ಸಾರಾಯಿ ನಿಲ್ಲಿಸಿತು. ಪ್ಯಾಕೆಟ್ ಎಂಬ ಪದ ಅಂದೇ ಹಾಲಿಗೆ ಮರಳಿತು. ರಾಜರತ್ನಂ ಅವರ ಯೆಂಡ್ಕುಡ್ಕ ರತ್ನ ಇವತ್ತು ಬೀರೂರು ಸ್ಟೇಷನ್ನಿನಲ್ಲಿ ಇಳಿದರೆ ಹೆಂಡಕ್ಕಾಗಿ ಘಟ್ಟ ಇಳಿದು ಕರಾವಳಿಗೇ ಹೋಗಬೇಕು. ಅಲ್ಲೂ ಅದನ್ನು ಕಳ್ಳು ಎನ್ನುತ್ತಾರೆ.

ಚಾಲ್ತಿಯಲ್ಲಿರುವುದು ಎಣ್ಣೆ. ಕೊಬ್ಬರಿ ಬೆಳೆಯುವ ಕಡೂರಿನಲ್ಲಿ ಇದಕ್ಕೆ ಅತಿವ್ಯಾಪ್ತಿ ದೋಷ ತಪ್ಪಿದ್ದಲ್ಲ, ಕ್ರಿಯಾಪದವೇ ಗತಿ. ‘ಎಣ್ಣೆ ಹಚ್ಚು’ ಎಂದರೆ ತಲೆಗೆ, ‘ಎಣ್ಣೆ ಹೊಡಿ’ ಎಂದರೆ ಗಂಟಲಿಗೆ. ‘ಎಣ್ಣೆ ಹಾಕು’ ಎಂಬಲ್ಲಿ ದೋಸೆ ಕಾವಲಿ ಎದುರಿಗಿದೆಯೋ ಇಲ್ಲವೋ ನೋಡಿಕೊಂಡು ಅರ್ಥ ಹೇಳಬೇಕು.

ಪರಿಮಾಣವಾಚಕಗಳಲ್ಲಿ ಒಂದು ಗೂಢವಿದೆ. ನೈಂಟಿ, ಕ್ವಾಟ್ರು, ಆಫು, ಫುಲ್ಲು. ಆಫು 375, ಎರಡು ಸೇರಿದರೆ ಫುಲ್ಲು 750, ಸರಿಯಾಯಿತು. ಕ್ವಾಟ್ರು 180, ನಾಲ್ಕು ಸೇರಿಸಿದರೆ 720. ಕೊರತೆ ಬಿದ್ದ 30 ಮಿಲಿಲೀಟರ್ ಕರಾರುವಾಕ್ಕಾಗಿ ಒಂದು ಸ್ಮಾಲ್. ಅದನ್ನು ಕುಡಿದವರಾರು ಎಂಬ ಪ್ರಶ್ನೆಗೆ ಯಾವ ಭಾಷ್ಯಕಾರನೂ ಕೈಹಾಕಿಲ್ಲ. ಸ್ಥಳವಾಚಕಗಳ ಗೋಜು ಬೇಡ: ವೈನ್ ಶಾಪಿನಲ್ಲಿ ವೈನ್ ಕೇಳಿದವನನ್ನು ಮೇಲಿಂದ ಕೆಳಗೆ ನೋಡುತ್ತಾರೆ ಎಂದರೆ ಸಾಕು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಪದವೇ ಇಲ್ಲದ ಪ್ರಯೋಗ; ಶಾಸ್ತ್ರದಲ್ಲಿ ಕರ್ಮಪದಲೋಪ. ಗಂಡಿನ ಮನೆ ನೋಡಲು ತರೀಕೆರೆಯ ಅಡಿಕೆ ತೋಟದ ಮನೆಗೆ ಹೋದ ಹೆಣ್ಣಿನ ಸೋದರಮಾವ, ಕಾಫಿ ಲೋಟ ಕೆಳಗಿಟ್ಟು ಕೇಳುತ್ತಾನೆ: ‘ಹುಡುಗ ತಗೋತಾನಾ?’ ಏನನ್ನು ಎಂದು ಅವನು ಹೇಳುವುದಿಲ್ಲ, ಇವರು ಕೇಳುವುದಿಲ್ಲ. ‘ಅಂಥ ಅಭ್ಯಾಸ ಏನೂ ಇಲ್ಲ ಬುಡಿ. ಫಂಕ್ಷನ್ನು ಗಿಂಕ್ಷನ್ನಲ್ಲಿ ಒಂಚೂರು.’ ಇಲ್ಲಿ ಫಂಕ್ಷನ್ ಎಂದರೆ ಮದುವೆ, ನಾಮಕರಣ, ತಿಥಿ, ಈರುಳ್ಳಿಗೆ ರೇಟು ಬಂದದ್ದು, ಬಾರದ್ದು. ಒಂಚೂರು ಎಂಬುದಕ್ಕೆ ಮೇಲಣ ಕೋಷ್ಟಕ ಅನ್ವಯಿಸುವುದಿಲ್ಲ. ಸೋದರಮಾವನಿಗೂ ಇದು ಗೊತ್ತು. ಬಸ್ ಸ್ಟ್ಯಾಂಡಿನವರೆಗೆ ಬಿಡಲು ಬಂದ ಹುಡುಗನ ಚಿಕ್ಕಪ್ಪನ ಜೊತೆ ದಾರಿಯಲ್ಲಿ ಅವನೂ ಒಂಚೂರು ತಗೊಂಡೇ ಬಸ್ ಹತ್ತುತ್ತಾನೆ.

ಇಷ್ಟು ಕಟ್ಟಿದ ಶಾಸ್ತ್ರ ಮುಗ್ಗರಿಸುವುದು ದಶಮೂಲಾರಿಷ್ಟದ ಬಳಿ. ಕೌಟಿಲ್ಯನ ಆರರಲ್ಲಿ ಒಂದಾದ ಅರಿಷ್ಟ ಅಜ್ಜಂಪುರದಲ್ಲಿ ಬಾಣಂತಿ ಕೋಣೆಯ ಗೂಡಿಗೆ ಬಂದು ಕೂತಿದೆ. ಬೆಲ್ಲ ಹಾಕಿ ಹುದುಗಿಸಿದ್ದು. ಅದರೊಳಗೆ ತಾನೇ ಹುಟ್ಟಿದ ಮದ್ಯಸಾರವಿದೆಯೆಂದು ಲೇಬಲ್ಲೇ ಒಪ್ಪಿಕೊಳ್ಳುತ್ತದೆ. ಮಗ ಬಾಯಿ ವಾಸನೆ ಹೊತ್ತು ಬಂದ ದಿನ ಜಗಲಿಯಲ್ಲೇ ಮಲಗಿಸುವ ಅಜ್ಜಿ, ಸೊಸೆಗೆ ಇದನ್ನು ಅಳೆದು ಸಮ ನೀರು ಬೆರೆಸಿ ಊಟವಾದ ಮೇಲೆ ಕುಡಿಸುತ್ತಾಳೆ. ಅಳತೆಯ ಮುಚ್ಚಳ, ನೀರು ಬೆರೆಸುವ ಕ್ರಮ, ಕುಡಿದಾಗ ಮುಖ ಕಿವುಚುವುದು, ಮೂರೂ ಜಗಲಿಯವನದ್ದೇ. ಆದರೂ ಇದನ್ನು ಎಣ್ಣೆ ಎಂದವನಿಗೆ ಆ ಮನೆಯಲ್ಲಿ ಊಟವಿಲ್ಲ. ಇದನ್ನು ಮಾರುವ ಅಂಗಡಿ ಗಾಂಧಿ ಜಯಂತಿಯಂದೂ ತೆರೆದಿರುತ್ತದೆ.