ಸೆಕಿಗಿ ಬಿಟ್ಟಿದ್ದು

ಕಮಲನಗರದ ಚಹಾದಂಗಡಿ. ಉದಗೀರದ ಬಸ್ಸಿನಿಂದ ಮೊಣಕಾಲಲ್ಲಿ ಹರಿದ ಜೀನ್ಸ್ ತೊಟ್ಟ ಹುಡುಗಿ ಇಳಿದಳು. ಧೋತರ ತೊಡೆತನಕ ಎತ್ತಿ, ಬರಿಮೈಯಲ್ಲಿ ಕೂತಿದ್ದ ಕಾಕಾನ ಬಸಿಯಲ್ಲಿನ ಚಹಾ ತುಳುಕಿತು.

"ನೋಡಲೇ ತಮ್ಮಾ, ಮೊಳಕಾಲು ಕಾಣ್ಲಿಕತ್ತದ!"

"ನಿಮ್ಮದು ತೊಡಿನೇ ಕಾಣ್ಲಿಕತ್ತದಲ್ರಿ ಕಾಕಾ."

"ಇದು ಸೆಕಿಗಿ ಬಿಟ್ಟಿದ್ದು."

"ಆಕಿಗಿ ಸೆಕಿ ಇಲ್ಲೇನ್ರಿ?"

"ಹೆಣ್ಮಕ್ಕಳಿಗಿ ಮರ್ಯಾದಿ ಇರ್ತದ. ಸೆಕಿ ಎಲ್ಲಿಂದ ಬರ್ತದ?"

(ಬೀದರಿನ ಮೇ ತಿಂಗಳಿಗೆ ಈ ವಿಷಯ ಇನ್ನೂ ಗೊತ್ತಾದಂತಿಲ್ಲ.)

"2024ರಾಗ ಬೆಂಗಳೂರಿನ ಮಾಲ್‌ನಾಗ ಹಾವೇರಿ ಕಡಿ ರೈತನಿಗಿ ಧೋತರ ಉಟ್ಟಾನಂತ ಒಳಗ ಬಿಡಲಿಲ್ಲ, ಗೊತ್ತದಿಲ್ರಿ?"

ಕಾಕಾ ಎದ್ದೇ ನಿಂತರು. "ಅನ್ಯಾಯ! ಅರಿವಿ ನೋಡಿ ಮನಷ್ಯಾನ ಅಳೀತಾರೇನು?"

"ಮತ್ತ ಈ ಹುಡುಗಿ?"

"ಅದು ಬ್ಯಾರೆ."

"ಗೋಡಿ ಮ್ಯಾಲಿನ ಕ್ಯಾಲೆಂಡರ್ ನೋಡ್ರಿ. ಅಕ್ಕಮಹಾದೇವಿಗಿ ಕೂದಲೇ ಅರಿವಿ. ನಮ್ಮ ಜಿಲ್ಲಾದ ಕಲ್ಯಾಣಕ್ಕೇ ಬಂದಿದ್ಲು."

ಕಾಕಾ ಕ್ಯಾಲೆಂಡರಿಗೆ ಕೈಮುಗಿದರು. "ಆಕಿ 12ನೇ ಶತಮಾನದಾಕಿ."

"ಹಂಗಾದ್ರ ಈಕಿಗಿ ಕೈಮುಗೀಲಿಕ್ಕ ಇನ್ನೊಂದು 900 ವರ್ಷ ತಡೀಬೇಕೇನ್ರಿ?"

ಕಾಕಾ ಉತ್ತರಿಸಲಿಲ್ಲ, ಧೋತರ ಇನ್ನೊಂದು ಗೇಣು ಎತ್ತಿಕೊಂಡು ಗಾಳಿ ಬೀಸಿಕೊಂಡರು. ಹುಡುಗಿ ಯಾವಾಗಲೋ ಆಟೋ ಹತ್ತಿ ಹೋಗಿದ್ದಳು.

ಎರಡೂ ಚಹಾದ ದುಡ್ಡು ನಾನೇ ಕೊಟ್ಟೆ. ಕಾಕಾನ ಮೈಮೇಲೆ ಜೇಬಿರುವ ಅರಿವೆಯೇ ಇರಲಿಲ್ಲ.