ಬಾಯಿಪೇಟಿಯ ಬ್ಯಾನಿ

ಗಾಣಗಾಪುರದ ಜಾತ್ರೆಯಲ್ಲಿ ಕೊಂಡ ಮೌತ್ ಆರ್ಗನ್ ಆಳಂದ ಮುಟ್ಟುವುದರೊಳಗೇ ನಾಲ್ಕನೇ ತೂತಿನಲ್ಲಿ ಮೂಕಾಯಿತು. ಬಸ್ಸಿನಲ್ಲಿ ಶೇಂಗಾ ತಿನ್ನುತ್ತ ಊದಿದವನು ನಾನೇ. ದೂರು ಯಾರ ಮೇಲೆ ಹೇಳಲಿ?

ನಮ್ಮ ಕಡೆ ಹಾರ್ಮೋನಿಯಂ ಅಂದರೆ ಪೇಟಿ. ಇದು ಅದರ ಮೊಮ್ಮಗ ಇದ್ದಂತೆ ಕಂಡಿತು. ಭಜನೆಯ ಪೇಟಿ ರಿಪೇರಿ ಮಾಡುವ ಕಾಕಾನ ಮುಂದಿಟ್ಟೆ. ಕನ್ನಡಕ ಮೂಗಿಗೆ ಇಳಿಸಿ, ತಿರುಪು ಬಿಚ್ಚಿ, "ತಮ್ಮಾ, ಸ್ವರ ಎಲ್ಲಾ ಛಲೋ ಅವ. ನಡುವ ಶೇಂಗಾ ಸಿಪ್ಪಿ ಕುಂತದ ನೋಡು" ಅಂದ.

10 ತೂತು, 20 ಹಿತ್ತಾಳೆ ನಾಲಿಗೆ. ತುದಿ ಕೆರೆದರೆ ಶ್ರುತಿ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಪೇಟಿಗೂ ಅದೇ ನ್ಯಾಯ. ಆ ಪಾಪದ ಪೇಟಿಯನ್ನು ಆಕಾಶವಾಣಿ 1940ರಿಂದ 1971ರವರೆಗೆ ಬಾಗಿಲ ಹೊರಗೇ ನಿಲ್ಲಿಸಿತ್ತು. ಅಫಜಲಪುರದ ಭಜನೆಯವರಿಗೆ ಆ ಆಜ್ಞೆ ಮುಟ್ಟಲಿಲ್ಲವೋ, ಮುಟ್ಟಿದರೂ ತಾಳದ ಸಪ್ಪಳದಲ್ಲಿ ಕೇಳಿಸಲಿಲ್ಲವೋ!

ಕಾಕಾ ಬ್ರಷ್ಷಿನಿಂದ ಸಿಪ್ಪೆ ತೆಗೆದು, "ಊದೂಕಿಂತ ಮೊದ್ಲು ಬಾಯಿ ಮುಕ್ಕಳಿಸು" ಅಂದು ರೊಕ್ಕವನ್ನೂ ಬೇಡಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಶ್ರುತಿ ಇನ್ನಷ್ಟು ಏರಿಸೋಣವೆಂದು ಮನೆಯಲ್ಲಿ ಬ್ಲೇಡು ಹಿಡಿದು ನಾನೇ ಕೆರೆದೆ. ಈಗ ಊದಿದರೆ, ಜೇವರ್ಗಿ ಬಸ್ಸು ಬಂತೆಂದು ಮಂದಿ ಚೀಲ ಎತ್ತಿಕೊಳ್ಳುತ್ತಾರೆ.