ಹಳಿಯಿಲ್ಲದ ಊರಿನ ರೈಲಿಗೆ ಬಣ್ಣ: ಒಂದು ಶಾಸ್ತ್ರೀಯ ವಿವೇಚನೆ

ಪುಟಾಣಿ ರೈಲು ಕಟ್ಟುವವರಲ್ಲಿ ಎರಡು ಪಂಗಡ. ಹೆಸರಾಂತ ರೈಲ್ವೆಗಳ ಗಾಡಿಗಳನ್ನು ಬಣ್ಣ ಸಮೇತ ಅಂಗಡಿಯಿಂದ ತಂದು ಮೇಜಿನ ಮೇಲೆ ಸುತ್ತಿಸುವವರು ಒಂದು. ತಮ್ಮೂರಿನ ಪಕ್ಕದ, ಪರವೂರಿನವರು ಕೇಳಿಯೇ ಇರದ ಗಿಡ್ಡ ರೈಲ್ವೆಯೊಂದನ್ನು ಆರಿಸಿಕೊಂಡು, ಅದರ ಗಾಡಿಯನ್ನು ಬರಿಮೈಯಲ್ಲಿ ತಂದು, ತಾವೇ ಬಣ್ಣ ಹೊಡೆದು, ತಾವೇ ಅಕ್ಷರ ಅಂಟಿಸಿ, ಕೊನೆಗೆ ತುಕ್ಕನ್ನೂ ತಾವೇ ಹಿಡಿಸುವವರು ಇನ್ನೊಂದು. ಅಮೆರಿಕದಲ್ಲಿ ಇಂಥ ಗಿಡ್ಡ ರೈಲ್ವೆಗಳಿಗೆ ಶಾರ್ಟ್‌ಲೈನ್ ಎನ್ನುತ್ತಾರೆ, ಅವುಗಳ ಭಕ್ತರಿಗೆ ಅಲ್ಲಿ ಬಹಳ ಮರ್ಯಾದೆ. ಆ ಭಕ್ತಿಪಂಥಕ್ಕೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಲ್ಲಿ ಶಾಸ್ತ್ರದ ಅಡಿಪಾಯ ಹಾಕುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಈ ವಿಷಯದಲ್ಲಿ ನಮಗಿಂತ ಮೊದಲು ಯಾರೂ ಬರೆದಂತಿಲ್ಲ. ಯಾಕೆ ಬರೆದಿಲ್ಲ ಎಂಬುದು ಓದುತ್ತಾ ಹೋದಂತೆ ತಾನೇ ತಿಳಿಯುತ್ತದೆ.

ಮೊದಲು ಪೂರ್ವಪಕ್ಷ. ಮೂರು ಊರುಗಳಲ್ಲಿ ರೈಲು ಇರುವುದು ಬಂಟ್ವಾಳಕ್ಕೆ ಮಾತ್ರ, ಅದೂ ಬಿ.ಸಿ.ರೋಡಿನಲ್ಲಿ. ಉಳಿದೆರಡಕ್ಕೆ ಹಳಿಯೇ ಇಲ್ಲದಿರುವಾಗ ಬೋಗಿಯ ಬಣ್ಣದ ಮಾತೆಲ್ಲಿಂದ ಬಂತು?

ಆಕ್ಷೇಪ ಬಲವಾದದ್ದೇ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಲ್ಲಿಂದ ಬಂಟ್ವಾಳಕ್ಕೆ ಬರಲು ಅದು ಸುಮಾರು ಏಳು ದಶಕ ತೆಗೆದುಕೊಂಡಿತು. ಆ ವೇಗದಲ್ಲಿ ಲೆಕ್ಕ ಹಾಕಿದರೆ ಬೆಳ್ತಂಗಡಿಯವರು ಈಗಲೇ ಸ್ಟೇಷನ್ನಿಗೆ ಹೋಗಿ ಕೂರುವ ಅವಸರವಿಲ್ಲ. ಆ ತಾಲೂಕಿಗೆ ರೈಲಿನ ಬದಲು ಪೆಟ್ರೋಲಿಯಂ ಕೊಳವೆ ಬಂದಿದೆ, ನೆರಿಯದಲ್ಲಿ ಅದರ ಪಂಪಿಂಗ್ ಸ್ಟೇಷನ್ ಇದೆ. ಸಾಗಾಟವೇನೋ ಆಗುತ್ತಿದೆ, ಆದರೆ ಮಣ್ಣಿನಡಿಯಲ್ಲಿ. ಬಣ್ಣ ಹಚ್ಚಿ ಯಾರಿಗೆ ತೋರಿಸುವುದು? ಇನ್ನು ಮೂಡುಬಿದಿರೆ. 1430ರಲ್ಲೇ ಬಸದಿಗೆ ಸಾವಿರ ಕಂಬ ನಿಲ್ಲಿಸಿದ ಊರು. ಆರು ಶತಮಾನ ಆಗುತ್ತ ಬಂತು, ಒಂದೇ ಒಂದು ಸಿಗ್ನಲ್ ಕಂಬ ನಿಲ್ಲಿಸುವ ಯೋಗ ಕೂಡಿಬಂದಿಲ್ಲ. ಗೊಮ್ಮಟೇಶ್ವರ ಎಕ್ಸ್‌ಪ್ರೆಸ್ ಎಂಬ ಗಾಡಿಯೇ ಈ ಸೀಮೆಯಲ್ಲಿ ಓಡುತ್ತದೆ. ಶ್ರವಣಬೆಳಗೊಳದ ಗೊಮ್ಮಟನಿಗೆ ಕೈಮುಗಿದು, ಘಟ್ಟ ಇಳಿದು, ನೇರ ಮಂಗಳೂರು ಜಂಕ್ಷನ್ ಸೇರುತ್ತದೆ. ಇತ್ತ 1604ರಿಂದ ನಿಂತೇ ಇರುವ ವೇಣೂರಿನ ಗೊಮ್ಮಟನ ಕಡೆಗೆ ಅದು ತಲೆ ಹಾಕುವುದಿಲ್ಲ.

ಹಾಗಾದರೆ ನಮ್ಮ ಸೀಮೆಗೆ ಶಾರ್ಟ್‌ಲೈನ್ ಇಲ್ಲವೆ? ಇದೆ. ಆಧಾರ ಸಮೇತ ಇದೆ. ಮಂಗಳೂರು–ಹಾಸನ ಮೀಟರ್‌ಗೇಜ್ ಹಳಿ 1979ರಲ್ಲಿ ಪೂರ್ತಿ ತೆರೆಯಿತು. 1990ರ ದಶಕದಲ್ಲಿ ಬ್ರಾಡ್‌ಗೇಜ್ ಮಾಡುತ್ತೇವೆಂದು ಘಟ್ಟದ ರೈಲು ನಿಲ್ಲಿಸಿದರು. ಆ ಕೆಲಸ ಮುಗಿಸಲು 2003ರಲ್ಲಿ ರಾಜ್ಯ ಸರ್ಕಾರ, ರೈಲ್ವೆ ಮತ್ತಿತರರು ಸೇರಿ ಹಾಸನ ಮಂಗಳೂರು ರೈಲ್ ಡೆವಲಪ್‌ಮೆಂಟ್ ಕಂಪನಿ ಎಂಬ ಪ್ರತ್ಯೇಕ ಕಂಪನಿಯನ್ನೇ ಕಟ್ಟಿದರು. 2006ರಲ್ಲಿ ಗೂಡ್ಸ್, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿ ಹೊರಟಿತು. ಉದ್ದ ಸುಮಾರು 183 ಕಿಲೋಮೀಟರ್, ಒಂದು ಕಡೆ ಬಂದರಿನ ಊರು, ಇನ್ನೊಂದು ಕಡೆ ಜಂಕ್ಷನ್, ನಡುವೆ ಕಾಡು, ಹೆಸರಿಗೊಂದು ಕಂಪನಿ. ಶಾರ್ಟ್‌ಲೈನಿನ ಲಕ್ಷಣಗಳೆಲ್ಲ ಕೂಡಿವೆ.

ಕೊರತೆ ಒಂದೇ. ಈ ಕಂಪನಿಗೆ ಸ್ವಂತದ ಎಂಜಿನ್ನಿಲ್ಲ, ಬೋಗಿಯಿಲ್ಲ. ಗಾಡಿ ಓಡಿಸುವುದು ನೈಋತ್ಯ ರೈಲ್ವೆ. ಓಡುವ ಗಾಡಿಗೆ ಬಳಿದಿರುವುದು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಬಳಿಯುವ ಅದೇ ಬಣ್ಣ. ಅಂದರೆ ಹಳಿಯಿರುವ ಕಂಪನಿಗೆ ಬಣ್ಣವಿಲ್ಲ. ಈ ವಾಕ್ಯವನ್ನು ಓದುಗರು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಇದರ ಉತ್ತರಾರ್ಧ ಮುಂದೆ ಬರುತ್ತದೆ.

ಈಗ ಗಣಿತ. ಎಚ್‌ಓ ಅಳತೆಯಲ್ಲಿ, ಅಂದರೆ 87ರಲ್ಲಿ ಒಂದು ಪಾಲಿಗೆ ಇಳಿಸಿದರೆ, ಹಳೆಯ ಐಸಿಎಫ್ ಬೋಗಿಯ 21 ಮೀಟರ್ ಚಿಲ್ಲರೆಯ ಮೈ 24.5 ಸೆಂಟಿಮೀಟರ್ ಆಗುತ್ತದೆ. ಬಾಗಿಲಲ್ಲಿ ನೇತಾಡುವ ಐದೂವರೆ ಅಡಿಯ ಮನುಷ್ಯ ಎರಡು ಸೆಂಟಿಮೀಟರಿಗೂ ಒಂದು ಕೂದಲೆಳೆ ಕಡಿಮೆ. ಇಡೀ ಮಾರ್ಗ 2.1 ಕಿಲೋಮೀಟರ್. ಮನೆಯ ಚಾವಡಿಯಲ್ಲಿ ಇದನ್ನು ಹಾಸುವಂತಿಲ್ಲ. ತೋಟದಲ್ಲಿ ಅಡಿಕೆ ಮರ ಸುತ್ತಿಸಿ ಹಾಸಬಹುದು, ಮನೆಯವರು ಒಪ್ಪಿದರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆವರೆಗಿನ 55 ಕಿಲೋಮೀಟರ್ ಘಟ್ಟಕ್ಕೆ 632 ಮೀಟರ್ ಬೇಕು. ಅಷ್ಟರಲ್ಲಿ 57 ಸುರಂಗ ಕೊರೆಯಬೇಕು, 50ಕ್ಕೆ ಒಂದರ ಏರು ಕೊಡಬೇಕು. ನಿಜವಾದ ಗಾಡಿ ಅಲ್ಲಿ ಗಂಟೆಗೆ 30 ಕಿಲೋಮೀಟರಿನಲ್ಲಿ ತೆವಳುತ್ತದೆ. ಮಾದರಿ ಗಾಡಿಗೂ ಅದೇ ಅಳತೆಯ ವೇಗ ಕೊಟ್ಟರೆ ಗಂಟೆಗೆ 345 ಮೀಟರ್. ಆಗ ಘಟ್ಟ ದಾಟಲು ನಿಜವಾದ ಗಾಡಿಗೂ ಸುಮಾರು ಎರಡು ಗಂಟೆ, ಆಟಿಕೆಯ ಗಾಡಿಗೂ ಸುಮಾರು ಎರಡು ಗಂಟೆ. ದೇಶವನ್ನು ಎಷ್ಟು ಬೇಕಾದರೂ ಕುಗ್ಗಿಸಬಹುದು, ಕಾಲವನ್ನು ಕುಗ್ಗಿಸಲು ರೈಲ್ವೆ ಬಿಡುವುದಿಲ್ಲ ಎಂಬ ನಮ್ಮ ಪ್ರಮೇಯ ಇಲ್ಲಿ ಸಿದ್ಧವಾಯಿತು. ಐನ್‌ಸ್ಟೈನರಿಗೆ ಸಕಲೇಶಪುರದ ಕಡೆ ಬರಲು ಪುರುಸೊತ್ತಾಗಲಿಲ್ಲ.

ಬಣ್ಣ ಯಾವುದು ಎಂಬಲ್ಲಿ ಮೂರು ಊರುಗಳಿಗೆ ಮೂರು ಪಂಥ. ಬಂಟ್ವಾಳದವರು ಪ್ರತ್ಯಕ್ಷವಾದಿಗಳು. ನೇತ್ರಾವತಿಯ ಸೇತುವೆಯ ಮೇಲೆ ಗಾಡಿ ದಡದಡ ಹೋಗುವುದನ್ನು ಕಣ್ಣಾರೆ ಕಂಡವರು. ಮೊದಲು ಇಟ್ಟಿಗೆ ಕೆಂಪು, ಆಮೇಲೆ ಕಡುನೀಲಿ ಮೈಗೆ ಕಿಟಕಿ ಸಾಲಿನಲ್ಲಿ ತಿಳಿನೀಲಿ ಪಟ್ಟಿ, ಈಗ ಹೊಸ ಎಲ್‌ಎಚ್‌ಬಿ ಬೋಗಿ ಬಂದಲ್ಲೆಲ್ಲ ಕೆಂಪು ಮತ್ತು ಬೂದು. ಅವರಲ್ಲಿ ವಾದವಿಲ್ಲ, ಆದ್ದರಿಂದ ಸ್ವಾರಸ್ಯವೂ ಇಲ್ಲ.

ಬೆಳ್ತಂಗಡಿಯವರದು ಅನುಮಾನ ಪ್ರಮಾಣ. ಹೊಗೆ ಕಂಡಲ್ಲಿ ಬೆಂಕಿ ಎಂದು ತರ್ಕಶಾಸ್ತ್ರ ಹೇಳುವಂತೆ, ಬೆಳಿಗ್ಗೆ ಧರ್ಮಸ್ಥಳದ ಬಸ್ಸಿನಲ್ಲಿ ತಲೆ ಕೆದರಿ, ದಿಂಬು ಬಗಲಲ್ಲಿಟ್ಟು ತೂಕಡಿಸುವ ಕುಟುಂಬ ಕಂಡಲ್ಲಿ ಎಲ್ಲೋ ಒಂದು ಸ್ಲೀಪರ್ ಬೋಗಿ ಇದೆ ಎಂದು ಇವರು ಊಹಿಸುತ್ತಾರೆ. ಅಂಗಿಗೆ ಹತ್ತಿದ ಧೂಳಿನಿಂದ ಬೋಗಿಯ ಬಣ್ಣವನ್ನೂ ನಿರ್ಣಯಿಸಬಲ್ಲರು.

ಮೂಡುಬಿದಿರೆಯ ಪಂಥ ಇವೆರಡಕ್ಕಿಂತ ಸೂಕ್ಷ್ಮ. ಧವಳಾ ಗ್ರಂಥದ ಹನ್ನೆರಡನೆಯ ಶತಮಾನದ ಚಿತ್ರಿತ ತಾಳೆಗರಿಗಳನ್ನು ಕಾಪಾಡಿದ ಊರಿಗೆ ಬಣ್ಣದ ವಿಷಯದಲ್ಲಿ ದುಡುಕಿ ತೀರ್ಪು ಕೊಡುವ ಅಭ್ಯಾಸವಿಲ್ಲ. ಅವರು ಬೋಗಿಗೆ ಜೈನರ ಸ್ಯಾದ್ವಾದವನ್ನು ಅನ್ವಯಿಸುತ್ತಾರೆ. ಒಂದು ದೃಷ್ಟಿಯಿಂದ ಬೋಗಿ ನೀಲಿ. ಇನ್ನೊಂದು ದೃಷ್ಟಿಯಿಂದ, ಅಂದರೆ ಕಬಕ ಪುತ್ತೂರಿನ ಕಡೆಯ ಕೆಂಪು ಧೂಳು ಕುಳಿತ ಮೇಲೆ, ನೀಲಿಯಲ್ಲ. ಒಂದೇ ಗಾಡಿಯಲ್ಲಿ ಹಳೆಯ ಬೋಗಿಯೂ ಹೊಸ ಬೋಗಿಯೂ ಸೇರಿದರೆ ನೀಲಿಯೂ ಹೌದು, ನೀಲಿಯಲ್ಲದ್ದೂ ಹೌದು. ಬಾಗಿಲ ಕೆಳಗಿನ, ಎಲೆಯಡಿಕೆ ಉಗಿದ ಭಾಗಕ್ಕೆ ಬಂದಾಗ ಅವಕ್ತವ್ಯ, ಅಂದರೆ ಹೇಳಲಾಗದ್ದು. ಸ್ಯಾದ್ವಾದದ ಉಳಿದ ಮೂರು ಭಂಗಗಳನ್ನು ಬಣ್ಣದಂಗಡಿಯ ಪಟ್ಟಿ ಸಿಕ್ಕಿದ ಮೇಲೆ ವಿವೇಚಿಸಲಾಗುವುದು.

ಶಾಸ್ತ್ರ ಇಷ್ಟು. ಪ್ರಯೋಗಕ್ಕೆ ಕೈಹಾಕಿದವನಿಗೆ ಮೊದಲು ಎದುರಾಗುವ ವೈರಿ ಮಳೆಗಾಲದ ಆಟಿ ತಿಂಗಳು. ಪರದೇಶದ ಕೈಪಿಡಿಗಳಲ್ಲಿ ಒಂದು ಪದರ ಸ್ಪ್ರೇ ಹೊಡೆದು ಒಣಗಿದ ಮೇಲೆ ಮುಂದಿನದು ಎಂದು ಬರೆದಿರುತ್ತದೆ. ಬರೆದವರು ಆಟಿಯಲ್ಲಿ ಬೆಳ್ತಂಗಡಿಗೆ ಬಂದವರಲ್ಲ. ಗಾಳಿಯಲ್ಲಿ ನೀರೇ ತುಂಬಿರುವಾಗ ಲ್ಯಾಕರ್ ಸ್ಪ್ರೇ ಹೊಡೆದರೆ, ತೆಳ್ಳನೆಯ ದ್ರಾವಣ ಹಾರಿಹೋಗುವ ರಭಸಕ್ಕೆ ಮೈ ತಣ್ಣಗಾಗಿ, ತೇವ ಬಂದು ಕುಳಿತು, ಬಣ್ಣದ ಮೇಲೆ ಬಿಳಿ ಮಂಜು ಹಿಡಿಯುತ್ತದೆ. ಕಡುನೀಲಿ ಬೋಗಿ ಬೂಷ್ಟು ಹಿಡಿದ ಚಪ್ಪಲಿಯ ಹಾಗೆ ಕಾಣುತ್ತದೆ. ಆದರೆ ಪಂಡಿತನಾದವನು ಧೃತಿಗೆಡಬಾರದು. ಇದು ಘಟ್ಟದ ಎಡಕುಮೇರಿಯ ಬೆಳಗಿನ ಮಂಜು ಎಂದು ಬಂದವರಿಗೆ ವಿವರಿಸಿದರೆ ಸಾಕು, ಅದು ದೋಷದ ಪಟ್ಟಿಯಿಂದ ಗುಣದ ಪಟ್ಟಿಗೆ ಬರುತ್ತದೆ. ಒಣಗಿಸಲೇಬೇಕೆಂದಿದ್ದರೆ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡು ಉತ್ತಮ. ಗೂಡಿನ ಯಜಮಾನರ ಹತ್ತಿರ ಇದು ಕೃಷಿ ಸಂಶೋಧನೆ ಎನ್ನಬೇಕು.

ಮುಂದಿನದು ಅಕ್ಷರ. ನೀರಿನ ಡೆಕಾಲ್ ಎಂದರೆ ಕಾಗದದ ಮೇಲೆ ಅಂಟು, ಅಂಟಿನ ಮೇಲೆ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳನೆಯ ಪೊರೆ, ಪೊರೆಯ ಮೇಲೆ ಅಕ್ಷರ. ಕತ್ತರಿಸಿ ಉಗುರುಬೆಚ್ಚಗಿನ ನೀರಿಗೆ ಹಾಕಿ ಅರೆನಿಮಿಷ ಬಿಟ್ಟರೆ ಪೊರೆ ಜಾರಲು ತೊಡಗುತ್ತದೆ. ಆಗ ಇಕ್ಕಳದಲ್ಲಿ ಕಾಗದ ಹಿಡಿದು ಬೋಗಿಯ ಪಕ್ಕಕ್ಕೆ ತಂದು, ಬ್ರಷ್ಷಿನ ತುದಿಯಿಂದ ಪೊರೆಯನ್ನು ಮೈಗೆ ಸರಿಸಬೇಕು. ಮೈ ಮೊದಲೇ ಹೊಳಪಿನ ವಾರ್ನಿಷ್ ಕಂಡಿರಬೇಕು. ಒರಟು ಮೈಯಾದರೆ ಪೊರೆಯಡಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುತ್ತದೆ. ಅಂಚು ಏಳುತ್ತಿದ್ದರೆ ವಿನೆಗರ್ ಒಂದು ತೊಟ್ಟು, ಪೊರೆ ಮೆದುವಾಗಿ ಮಲಗುತ್ತದೆ. ಉಸಿರು ಹಿಡಿದು ಮಾಡುವ ಈ ಕೆಲಸದ ಹೊತ್ತಿಗೇ ಮನೆಯವರು ಫ್ಯಾನ್ ಹಾಕುತ್ತಾರೆ ಎಂಬುದು ಅನುಭವಸಿದ್ಧ.

ಆದರೆ ಏನು ಬರೆಯುವುದು? ಹಳೆಯ ಬೋಗಿಯ ಸಂಖ್ಯೆಗೂ ವ್ಯಾಕರಣವಿದೆ. ಮೊದಲೆರಡು ಅಂಕಿ ಬೋಗಿ ಹುಟ್ಟಿದ ವರ್ಷ. ಕೊನೆಯ ಮೂರು ಅದರ ಅಂತಸ್ತು: 201ರಿಂದ 400ರವರೆಗೆ ಸ್ಲೀಪರ್, 401ರಿಂದ 600ರವರೆಗೆ ಜನರಲ್. ನೀಲಿ ಬೋಗಿಯ ತುದಿಯಲ್ಲಿ ಓರೆಯಾದ ಬಿಳಿ ಗೆರೆಗಳಿದ್ದರೆ ಟಿಕೆಟ್ ಕಾದಿರಿಸದವರು ಅಲ್ಲಿಗೆ ಓಡಬಹುದು. ಮನೆಯ ಪ್ರಿಂಟರಿಗೆ ಬಿಳಿ ಶಾಯಿಯೇ ಇಲ್ಲ, ಆದ್ದರಿಂದ ಬಿಳಿ ಡೆಕಾಲ್ ಹಾಳೆಯ ಮೇಲೆ ಸುತ್ತಲಿನ ನೀಲಿಯನ್ನು ಮುದ್ರಿಸಿ ಅಕ್ಷರವನ್ನು ಬರಿದೆ ಬಿಡಬೇಕು. ಪ್ರಿಂಟರಿನ ನೀಲಿಯೂ ಬೋಗಿಯ ನೀಲಿಯೂ ಕೂಡಿಬಂದವರು ಜಾತಕ ತೋರಿಸಬೇಕಾಗಿಲ್ಲ.

ಕನ್ನಡಕ್ಕೆ ಬಂದರೆ ಸಮಸ್ಯೆ ಇನ್ನೂ ಆಳ. ಹತ್ತು ಸೆಂಟಿಮೀಟರ್ ಎತ್ತರದ ಅಕ್ಷರ ನಮ್ಮ ಅಳತೆಯಲ್ಲಿ ಒಂದು ಮಿಲಿಮೀಟರ್ ಚಿಲ್ಲರೆ. ಇಂಗ್ಲಿಷಿನವರಿಗೆ ಅದರಲ್ಲೇ ಸುಖ, ಅವರ ಅಕ್ಷರಗಳಿಗೆ ಕಾಲಡಿ ಸಂಸಾರವಿಲ್ಲ. ‘ಸುಬ್ರಹ್ಮಣ್ಯ ರಸ್ತೆ’ ಎಂದು ಬರೆಯಬೇಕಾದರೆ ನಾಲ್ಕು ಒತ್ತು ಒಂದರ ಪಕ್ಕ ಒಂದು ಜೋತಾಡುತ್ತವೆ, ಒಂದೊಂದೂ ಅರ್ಧ ಮಿಲಿಮೀಟರಿನೊಳಗೆ. ನಿಲ್ದಾಣ ಇರುವುದು ನೆಟ್ಟಣದಲ್ಲಿ, ಒತ್ತು ಒಂದೇ ಸಾಕಿತ್ತು. ನಾಮಕರಣ ಮಾಡಿದವರು ಮಾದರಿ ಕಟ್ಟುವವರ ಕಷ್ಟ ಯೋಚಿಸಿಲ್ಲ.

ಡೆಕಾಲ್ ಸಿಗದ ಕಾರಣ ಕ್ಷೇತ್ರಕಾರ್ಯಕ್ಕೆಂದು ಬಿ.ಸಿ.ರೋಡಿನ ಒಂದು ರೇಡಿಯಂ ಕಟಿಂಗ್ ಅಂಗಡಿಗೆ ಹೋಗಬೇಕಾಯಿತು. ಅಳತೆ ನೋಡಿ ಹುಡುಗ ಹೇಳಿದ: “ಇಷ್ಟು ಸಣ್ಣದಾ? ಇದು ಕಟಿಂಗ್ ಆಗ್ಲಿಕ್ಕಿಲ್ಲ ಮಾರಾಯ್ರೆ. ನೀವು ದೊಡ್ಡ ರೈಲೇ ತಕೊಂಡು ಬನ್ನಿ, ಫುಲ್ ಬಾಡಿ ಮಾಡಿ ಕೊಡುವ.” ಅವನ ಮಾತಿನಲ್ಲಿ ವಿಜ್ಞಾನವಿದೆ. ಸ್ಟಿಕರ್ ಹಾಳೆಯ ದಪ್ಪ 0.08 ಮಿಲಿಮೀಟರ್ ಎಂದು ಹಿಡಿದರೂ, 87 ಪಟ್ಟು ಹಿಗ್ಗಿಸಿದರೆ ಬೋಗಿಯ ಮೇಲೆ ಏಳು ಮಿಲಿಮೀಟರ್ ದಪ್ಪದ ತಗಡಿನಲ್ಲಿ ಅಕ್ಷರ ಕೊರೆದು ಹೊಡೆದಂತೆ. ಮಾತಾಡುತ್ತಲೇ ಅವನು ಒಂದು ಬಸ್ಸಿನ ಮುಂದಿನ ಗಾಜಿಗೆ ಹಳದಿ ನೆರಳಿನ, ಕೆಂಪು ಅಂಚಿನ, ಬಾಲ ತಿರುಚಿದ ಅಕ್ಷರಗಳಲ್ಲಿ ದೇವಿಯ ಹೆಸರನ್ನು ಒಂದು ಗುಳ್ಳೆಯೂ ಏಳದಂತೆ ಎಳೆದು ಕೂರಿಸುತ್ತಿದ್ದ. ಸೋಪು ನೀರು, ಹಳೆಯ ಎಟಿಎಂ ಕಾರ್ಡು, ಹೆಬ್ಬೆರಳು. ಸಲಕರಣೆ ಅಷ್ಟೇ.

ನಮ್ಮ ಸಿದ್ಧಾಂತ ಹೊಳೆದದ್ದು ಅಲ್ಲಿ. ಹಳಿಯಿರುವ ಕಂಪನಿಗೆ ಬಣ್ಣವಿಲ್ಲ. ಬಣ್ಣವಿರುವ ಕಂಪನಿಗೆ ಹಳಿಯಿಲ್ಲ. ಶಾರ್ಟ್‌ಲೈನಿನ ಸಕಲ ಗುಣಗಳೂ, ಅಂದರೆ ಸ್ವಂತದ ಬಣ್ಣ, ಸ್ವಂತದ ಹೆಸರು, ಸ್ವಂತದ ಹಾರ್ನು, ಎರಡು ಪೇಟೆಗಳ ನಡುವೆ ದಿನವಿಡೀ ಓಡಾಟ, ಮಾಲಕರ ಮಕ್ಕಳ ಹೆಸರು ಪಕ್ಕದಲ್ಲಿ, ಎಲ್ಲವೂ ನಮ್ಮ ಪ್ರೈವೇಟ್ ಬಸ್ಸಿನಲ್ಲಿವೆ. ಮಂಗಳೂರು–ಮೂಡುಬಿದಿರೆ ದಾರಿಯಲ್ಲಿ ಅರ್ಧ ಗಂಟೆ ನಿಂತರೆ ರೈಲ್ವೆ ಮಂಡಳಿಗೆ ಇಷ್ಟು ವರ್ಷಗಳಲ್ಲಿ ಹೊಳೆಯದ ಬಣ್ಣಗಳು ಕಣ್ಣಿಗೆ ಬೀಳುತ್ತವೆ. ಈ ಜಿಲ್ಲೆಯಲ್ಲಿ ಫೋರೆಕ್ಸ್ ಶೀಟು, ಫೆವಿಕ್ವಿಕ್ ಹಿಡಿದು ಕೂರುವ ಹುಡುಗರು ರೈಲನ್ನು ಬಿಟ್ಟು ಬಸ್ಸಿನ ಮಾದರಿಯನ್ನೇ ಕಟ್ಟುವುದು ಸುಮ್ಮನೆ ಅಲ್ಲ. ಪಂಡಿತರಿಗಿಂತ ಮೊದಲೇ ಅವರು ಸತ್ಯ ಕಂಡಿದ್ದಾರೆ.

ಆದ್ದರಿಂದ ಪ್ರಸ್ತುತ ಪ್ರಬಂಧದ ಶಿಫಾರಸು ಇದು: ಮೂಡುಬಿದಿರೆಯಿಂದ ವೇಣೂರು, ಗುರುವಾಯನಕೆರೆ ಮೇಲೆ ಬೆಳ್ತಂಗಡಿಗೂ ಅಲ್ಲೇ ಕವಲೊಡೆದು ಬಿ.ಸಿ.ರೋಡಿಗೂ ಹೋಗುವ, ಎಲ್ಲೂ ಇಲ್ಲದ ರೈಲ್ವೆಯೊಂದರ ಬೋಗಿಯನ್ನು ಎಚ್‌ಓ ಅಳತೆಯಲ್ಲಿ ಕಟ್ಟಿ, ಪ್ರೈವೇಟ್ ಬಸ್ಸಿನ ಬಣ್ಣ ಬಳಿಯುವುದು. ಮೈ ಬಿಳಿ ಮುತ್ತಿನ ಹೊಳಪು, ಪಕ್ಕದಲ್ಲಿ ಹಿಂದಕ್ಕೆ ಹರಿಯುವ ಕೇಸರಿ, ನೀಲಿ ಅಲೆ. ಹಿಂಬದಿಗೆ ರೈಲಿನ ನಿಯಮದಂತೆ ಕೊನೆಯ ಬೋಗಿಯ ಹಳದಿ ಅಡ್ಡಗುರುತು, ಅದರ ಕೆಳಗೆ ಬಸ್ಸಿನ ನಿಯಮದಂತೆ ಸೌಂಡ್ ಹಾರ್ನ್. ಗುರುವಾಯನಕೆರೆ ಜಂಕ್ಷನ್ನಿನಲ್ಲಿ ಸ್ಟೇಷನ್ ಮಾಸ್ತರರ ಬದಲು ಟೈಂಕೀಪರು. ಎರಡು ನಿಮಿಷ ತಡವಾಗಿ ಬಂದು ಹಿಂದಿನ ಗಾಡಿಯ ಜನ ಎತ್ತಿದರೆ ಅಲ್ಲೇ ಇತ್ಯರ್ಥ. ಧೂಳಿಗೆ ಮುರಕಲ್ಲನ್ನು ಕುಟ್ಟಿ ಬಟ್ಟೆಯಲ್ಲಿ ಜರಡಿ ಹಿಡಿದು ಒಣ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಬಹುದು, ಆದರೆ ಚಕ್ರದ ಮಟ್ಟದಿಂದ ಮೇಲೆ ಬೇಡ. ಪ್ರೈವೇಟಿನವರು ದಿನಾ ಗಾಡಿ ತೊಳೆಯುತ್ತಾರೆ.

ಒಂದು ಪ್ರಶ್ನೆ ಮಾತ್ರ ವಿದ್ವತ್ ಮಂಡಳಿಯ ಮುಂದೆ ಉಳಿದಿದೆ. ಬೋಗಿಯ ಹಿಂದಿನ ಬಾಗಿಲಲ್ಲಿ ನಿಲ್ಲಬೇಕಾದ ಎರಡು ಸೆಂಟಿಮೀಟರಿನ ಮನುಷ್ಯ ಯಾರು? ಬಿಳಿ ಬಟ್ಟೆ ತೊಡಿಸಿ ಹಸಿರು ಬಾವುಟ ಕೊಟ್ಟರೆ ಅವನು ಗಾರ್ಡ್, 2022ರಿಂದ ಅವನಿಗೆ ಟ್ರೈನ್ ಮ್ಯಾನೇಜರ್ ಎಂಬ ಪದವಿಯೂ ಬಂದಿದೆ. ಖಾಕಿ ತೊಡಿಸಿ, ಬೆರಳ ಸಂದಿಯಲ್ಲಿ ನೋಟು ಮಡಚಿಟ್ಟು, ಒಂದು ಕಾಲು ಹೊರಗೆ ಬಿಟ್ಟರೆ ಕಂಡಕ್ಟರ್. ಬಾವುಟ ತೋರಿಸಿದರೆ ಹೊರಡಬೇಕೋ, “ರೈಟ್, ಪೋಯಿ!” ಎಂದರೆ ಹೊರಡಬೇಕೋ ಎಂಬುದು ತೀರ್ಮಾನವಾಗದೆ ಗಾಡಿ ಮೂಡುಬಿದಿರೆಯಲ್ಲೇ ನಿಂತಿದೆ. ಹಿಂದಿನಿಂದ ಇನ್ನೊಂದು ಗಾಡಿ ಹಾರ್ನ್ ಹಾಕುತ್ತಿದೆ.